ಮಾಕಳಿ ದಾರಿಯಲ್ಲೊಂದು ಅಸಲಿ–ನಕಲಿ ಪಾಠ

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟವರು ಯಶವಂತಪುರ, ಪೀಣ್ಯ, ದಾಸರಹಳ್ಳಿಗಳನ್ನು ದಾಟಿ, ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನೂ ಹಿಂದೆ ಹಾಕಿದರೆ ಸಿಗುವ ಊರು ಮಾಕಳಿ. ಬೆಂಗಳೂರು ಉತ್ತರ ತಾಲ್ಲೂಕು, ದಾಸನಪುರ ಹೋಬಳಿಗೆ ಸೇರಿದ್ದು. ಹೆಸರು ಕೇಳಿದೊಡನೆ ಕೆಲವರಿಗೆ ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗದ ಬೆಟ್ಟ ನೆನಪಾಗುವುದುಂಟು. ಅದು ಬೇರೆ, ಇದು ಬೇರೆ. ಈ ಮಾಕಳಿಯಲ್ಲಿ ಹತ್ತಿ ನೋಡಲು ಕೋಟೆಯಿಲ್ಲ. ಇರುವುದು ಹಗಲಿರುಳು ಬಿಡುವಿಲ್ಲದ ಹೆದ್ದಾರಿ, ಅದರ ಬದಿಯಲ್ಲಿ ಕಾರ್ಖಾನೆಗಳು, ಗೋದಾಮುಗಳು. ಹಿಮಾಲಯ ಔಷಧ ಕಂಪನಿಯ ಕಾರ್ಖಾನೆ 1975ರಿಂದ ಇಲ್ಲಿದೆ. ಪುಣೆ–ಮುಂಬೈ ಕಡೆಯ ಲಾರಿಗಳೂ, ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಹಾಸನ–ಮಂಗಳೂರಿಗೆ ಹೋಗುವ ಲಾರಿಗಳೂ ಮಾಕಳಿಯ ಮುಂದೆಯೇ ಹಾಯಬೇಕು.

ಈ ರಸ್ತೆಯ ಸಂಖ್ಯೆಯಲ್ಲೇ ಒಂದು ಸ್ವಾರಸ್ಯವಿದೆ. ಹಿಂದೆ ಇದು ರಾಷ್ಟ್ರೀಯ ಹೆದ್ದಾರಿ 4. ಆಗ ನೆಲಮಂಗಲದಿಂದ ಮಂಗಳೂರಿಗೆ ಹೋಗುವ ರಸ್ತೆಗೆ 48 ಎಂಬ ಸಂಖ್ಯೆಯಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ 4 ಹೋಗಿ 48 ಆಯಿತು. ಮಂಗಳೂರಿನ 48 ಹೋಗಿ 75 ಆಯಿತು. ಹಾಗಾಗಿ ಹಳೆಯ ಕಾಗದವೊಂದರಲ್ಲಿ ‘ರಾ.ಹೆ. 48’ ಎಂದು ಕಂಡರೆ ಅದು ಯಾವ ದಾರಿ? ಕಾಗದದ ಇಸವಿ ಗೊತ್ತಿಲ್ಲದೆ ಉತ್ತರಿಸಲಾಗದು. ಇಸವಿ ಇಲ್ಲದ ಸಂಖ್ಯೆ ಅರ್ಧ ಸಾಕ್ಷಿ. ಹಳೆಯ ವಾಹನದ ಬಿಡಿಭಾಗ ಅಸಲಿಯೋ ನಕಲಿಯೋ ಎಂದು ಹುಡುಕುವವರು ಮೊದಲು ಕಲಿಯಬೇಕಾದ ಪಾಠವೂ ಇದೇ.

ವೇಗಕ್ಕೆ ಮೂರು ಬಗೆಯ ಕಡಿವಾಣ

ಮಾಕಳಿಯ ಸರ್ವಿಸ್ ರಸ್ತೆಯಲ್ಲಿ ನಿಂತು ಲಾರಿಗಳ ಹಿಂಬದಿ ನೋಡಿದರೆ ವೇಗದ ಮಿತಿಯನ್ನು ಬರೆದಿರುವುದು ಕಾಣುತ್ತದೆ. 2015ರ ಅಕ್ಟೋಬರ್ 1ರಿಂದ ತಯಾರಾಗುವ ಸಾರಿಗೆ ವಾಹನಗಳಿಗೆ, ಕೆಲವು ವರ್ಗಗಳನ್ನು ಬಿಟ್ಟು, ಗಂಟೆಗೆ 80 ಕಿ.ಮೀ. ಮೀರದಂತೆ ತಡೆಯುವ ವೇಗ ನಿಯಂತ್ರಕ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಚಾಲಕರ ಬಾಯಲ್ಲಿ ಇದು ‘ಗವರ್ನರ್’. ಅನೇಕರು ಇದನ್ನೂ ಕ್ರೂಸ್ ಕಂಟ್ರೋಲನ್ನೂ ಒಂದೇ ಎಂದು ತಿಳಿಯುತ್ತಾರೆ. ಒಂದೇ ಅಲ್ಲ.

ಹಳೆಯ ಜೀಪುಗಳಲ್ಲಿ ಡ್ಯಾಷ್‌ಬೋರ್ಡಿನ ಮೇಲೆ ಎಳೆಯುವ ಗುಬ್ಬಿಯೊಂದಿರುತ್ತಿತ್ತು. ಅದು ಕೈ ಥ್ರಾಟಲ್. ಎಳೆದು ಬಿಟ್ಟರೆ ಕಾಲು ಒತ್ತದೆಯೇ ಎಂಜಿನ್ನಿಗೆ ಅಷ್ಟು ಪೆಟ್ರೋಲು ಹೋಗುತ್ತಲೇ ಇರುತ್ತದೆ. ಆದರೆ ಏರು ಬಂದರೆ ವೇಗ ಇಳಿಯುತ್ತದೆ, ಇಳಿಜಾರು ಬಂದರೆ ಏರುತ್ತದೆ. ಗುಬ್ಬಿಗೆ ರಸ್ತೆಯ ಸುದ್ದಿ ಗೊತ್ತಿಲ್ಲ. ಲಾರಿಯ ವೇಗ ನಿಯಂತ್ರಕಕ್ಕೆ ವೇಗ ಗೊತ್ತು; ಆದರೆ ಅದು ಹೇಳುವುದು ‘ಇದಕ್ಕಿಂತ ಹೆಚ್ಚು ಬೇಡ’ ಎಂದು ಮಾತ್ರ. ಕ್ರೂಸ್ ಕಂಟ್ರೋಲ್ ಹೇಳುವುದು ‘ಹೆಚ್ಚೂ ಬೇಡ, ಕಡಿಮೆಯೂ ಬೇಡ’ ಎಂದು. ಗಾಡಿಯ ವೇಗವನ್ನು ಅಳೆಯುತ್ತ, ಬೇಕಾದ ವೇಗದೊಡನೆ ಹೋಲಿಸುತ್ತ, ಕೊರತೆಯಾದರೆ ಥ್ರಾಟಲ್ ತೆರೆದು, ಹೆಚ್ಚಾದರೆ ಮುಚ್ಚುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಮರುಮಾಹಿತಿ ಎನ್ನುತ್ತಾರೆ. ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ನೋಡುತ್ತ ಉರಿಯನ್ನು ಏರಿಸಿ ಇಳಿಸುವ ತಾಯಿ ಮಾಡುವುದೂ ಇದನ್ನೇ.

ಕಲ್ಪನೆ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಲೋಹದ ಗುಂಡುಗಳನ್ನು ಜೋಡಿಸಿದ. ಯಂತ್ರ ಜೋರಾಗಿ ತಿರುಗಿದರೆ ಗುಂಡುಗಳು ಜಾತ್ರೆಯ ಸರಪಳಿ ಉಯ್ಯಾಲೆಯಂತೆ ಹೊರಕ್ಕೆ ಹಾರಿ ಉಗಿಯ ಬಾಗಿಲನ್ನು ಮುಚ್ಚುತ್ತಿದ್ದವು. ನಿಧಾನವಾದರೆ ಒಳಕ್ಕೆ ಬಂದು ತೆರೆಯುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರದ ವಿಲ್ಲಿಸ್ ಜೀಪಿಗೆ ಇದೇ ತತ್ತ್ವದ ಗವರ್ನರನ್ನು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಒಕ್ಕಣೆ ಯಂತ್ರವನ್ನೋ ಗರಗಸವನ್ನೋ ಜೀಪಿಗೆ ಸಿಕ್ಕಿಸಿದಾಗ ಎಂಜಿನ್ ಒಂದೇ ವೇಗದಲ್ಲಿ ಓಡಬೇಕಲ್ಲ, ಅದಕ್ಕೆ. ಅದರ ಹಿಡಿಗೆ ಒಂಬತ್ತು ಕಚ್ಚುಗಳು; ನಿಮಿಷಕ್ಕೆ 1000 ಸುತ್ತಿನಿಂದ 2600ರ ತನಕ, ಕಚ್ಚಿಗೆ 200ರಂತೆ ಏರಿಕೆ.

ಕಣ್ಣಿಲ್ಲದ ಎಂಜಿನಿಯರ್

ಕಾರಿನ ಕ್ರೂಸ್ ಕಂಟ್ರೋಲನ್ನು ಕಂಡುಹಿಡಿದ ರಾಲ್ಫ್ ಟೀಟರ್ ಕಾರು ಓಡಿಸಿ ವೇಗದ ಮುಳ್ಳು ನೋಡಿದವನಲ್ಲ. 1890ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಹ್ಯಾಗರ್ಸ್‌ಟೌನ್ ಎಂಬಲ್ಲಿ ಹುಟ್ಟಿದ ಆತ ಐದನೆಯ ವಯಸ್ಸಿನಲ್ಲಿ ಚಾಕು ತಗುಲಿ ದೃಷ್ಟಿ ಕಳೆದುಕೊಂಡ. ಆದರೂ 1912ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗುಗಳ ಟರ್ಬೈನುಗಳು ಅದುರದಂತೆ ಸಮತೋಲ ಮಾಡುವ ಕೆಲಸ ಕೈಗೊಂಡ. ಕಣ್ಣಿದ್ದವರು ಸೋತ ಕಡೆ ಅವನ ಬೆರಳ ತುದಿ ಗೆದ್ದಿತು. 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ ಅಧ್ಯಕ್ಷನೂ ಆದ.

ಅವನ ವಕೀಲ ಮಿತ್ರನಿಗೆ ಒಂದು ಅಭ್ಯಾಸವಿತ್ತಂತೆ. ಕಾರು ಓಡಿಸುವಾಗ ತಾನು ಮಾತಾಡಿದರೆ ನಿಧಾನ, ಬೇರೆಯವರ ಮಾತು ಕೇಳಿದರೆ ಜೋರು. ಪಕ್ಕದಲ್ಲಿ ಕುಳಿತ ಟೀಟರನಿಗೆ ಈ ಎಳೆದಾಟ ಸಾಕಾಗಿ, ವೇಗವನ್ನು ಹಿಡಿದಿಡುವ ಉಪಕರಣದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಯುದ್ಧಕಾಲದಲ್ಲಿ ರಬ್ಬರ್, ಪೆಟ್ರೋಲು ಉಳಿಸಲು 1942ರಲ್ಲಿ ಅಮೆರಿಕ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ಮಿತಿ ಹೇರಿದ್ದೂ ಅವನ ಕೆಲಸಕ್ಕೆ ಇಂಬಾಯಿತು. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು. ‘ಕ್ರೂಸ್ ಕಂಟ್ರೋಲ್’ ಎಂಬ ಹೆಸರು ಕೊಟ್ಟದ್ದು ಕ್ಯಾಡಿಲ್ಯಾಕ್. 1973ರ ತೈಲ ಬಿಕ್ಕಟ್ಟಿನ ನಂತರ ಅದಕ್ಕೆ ಬೇಡಿಕೆ ಏರಿತು. ಎಪ್ಪತ್ತರ ದಶಕದಲ್ಲಿ ಪಿಕಪ್ ಗಾಡಿಗಳಿಗೂ, ಹೆಚ್ಚಿನ ಹಣ ಕೊಟ್ಟವರಿಗೆ, ಕಾರ್ಖಾನೆಯಲ್ಲೇ ಹಾಕಿಕೊಡುತ್ತಿದ್ದರು.

ಗುಂಡಿಯಿಂದ ಬ್ರೇಕಿನ ತನಕ

ಅಂಥ ಪಿಕಪ್ ಒಂದು, ಎಪ್ಪತ್ತರ ದಶಕದ ನಡುವಿನ ಷೆವ್ರೊಲೆ ಎಂದಿಟ್ಟುಕೊಳ್ಳೋಣ, ಮಾಕಳಿಯ ಯಾವುದೋ ಷೆಡ್ಡಿನ ಮುಂದೆ ಬಂದು ನಿಂತಿದೆ. ಕೊಳ್ಳಲು ಬಂದ ತಂದೆ, ಜೊತೆಗೆ ಪಿಯುಸಿ ಓದುವ ಮಗಳು. ಮಾರುವವರು ‘ಕ್ರೂಸ್ ಕಂಟ್ರೋಲ್ ಸಮೇತ, ಎಲ್ಲವೂ ಒರಿಜಿನಲ್’ ಎಂದು ಹೇಳಿ ಬೆಲೆ ಏರಿಸಿದ್ದಾರೆ. ಇಂಡಿಕೇಟರ್ ಹಿಡಿಯ ತುದಿಯಲ್ಲಿ ಒತ್ತುವ ಗುಂಡಿ ಇದೆ, ಹೊಳೆಯುತ್ತಿದೆ.

“ಅಣ್ಣಾ, ಇದು ಒರಿಜಿನಲ್ಲಾ?” ಎಂದು ಮಗಳು ಕೇಳಿದರೆ, ಅನುಭವಿ ಮೇಸ್ತ್ರಿ ಹೇಳುವುದು ಇಷ್ಟೇ: “ಗುಂಡಿ ನೋಡಿ ಹೇಳೋಕಾಗಲ್ಲ ಕಣಮ್ಮ. ಗುಂಡಿಯಿಂದ ಹಿಡಿದು ಬ್ರೇಕ್ ತನಕ ದಾರಿ ಹಿಡಿದು ಹೋಗ್ಬೇಕು.”

ಆ ದಾರಿ ಹೀಗಿದೆ. ಗುಂಡಿಯಿಂದ ತಂತಿಗಳು ಸ್ಟೀರಿಂಗ್ ಕಂಬದೊಳಗೆ ಇಳಿದು ಎಂಜಿನ್ ಕಡೆಯ ಒಂದು ಗುಂಡನೆಯ ಡಬ್ಬಿಗೆ ಸೇರುತ್ತವೆ. ಇದು ವೇಗವನ್ನು ಅಳೆದು ತೀರ್ಮಾನ ಮಾಡುವ ಟ್ರಾನ್ಸ್‌ಡ್ಯೂಸರ್. ಸಾಮಾನ್ಯ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ವೇಗದ ಮೀಟರಿಗೆ ಒಂದೇ ಕೇಬಲ್ ಹೋಗುತ್ತದೆ. ಇಲ್ಲಿ ಎರಡು: ಗೇರ್‌ಬಾಕ್ಸಿನಿಂದ ಡಬ್ಬಿಗೆ ಒಂದು, ಡಬ್ಬಿಯಿಂದ ಮೀಟರಿಗೆ ಇನ್ನೊಂದು. ಡಬ್ಬಿಗೆ ಎಂಜಿನ್ನಿನ ಗಾಳಿ ಹೀರುವ ಕೊಳವೆಯಿಂದ ರಬ್ಬರಿನ ಹೋಸ್ ಬರುತ್ತದೆ. ಎಂಜಿನ್ ಉಸಿರೆಳೆಯುವಾಗ ಆ ಕೊಳವೆಯಲ್ಲಿ ಭಾಗಶಃ ನಿರ್ವಾತ ಉಂಟಾಗುತ್ತದಲ್ಲ, ಅದೇ ಇಲ್ಲಿ ಕೆಲಸದಾಳು. ಡಬ್ಬಿ ಅದನ್ನು ಅಳೆದು ತೂಗಿ ಸರ್ವೊ ಎಂಬ ಇನ್ನೊಂದು ಡಬ್ಬಿಗೆ ಬಿಡುತ್ತದೆ. ಸರ್ವೊ ಒಳಗಿನ ರಬ್ಬರ್ ಪೊರೆ ಎಳೆದುಕೊಂಡಂತೆ, ಅದಕ್ಕೆ ಕಟ್ಟಿದ ಮಣಿಸರ ಕಾರ್ಬುರೇಟರಿನ ಥ್ರಾಟಲನ್ನು ತೆರೆಯುತ್ತದೆ. ಕಡೆಯದಾಗಿ ಬ್ರೇಕ್ ಪೆಡಲಿನ ಬಳಿ ಎರಡು ಕಾವಲು: ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಒಂದು, ನಿರ್ವಾತವನ್ನು ಬಿಟ್ಟುಬಿಡುವ ವಾಲ್ವು ಒಂದು.

ಫೋರ್ಡ್ ಪಿಕಪ್‌ಗಳ ದಾರಿ ಬೇರೆ. ಗುಂಡಿಗಳು ಸ್ಟೀರಿಂಗ್ ಚಕ್ರದ ಮೇಲೆ, ತೀರ್ಮಾನ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಡ್ಯಾಷ್‌ಬೋರ್ಡಿನ ಕೆಳಗೆ. ಆದ್ದರಿಂದ ಷೆವ್ರೊಲೆಯಲ್ಲಿ ಫೋರ್ಡಿನ ಪೆಟ್ಟಿಗೆ ಕಂಡರೆ, ಅದು ಎಷ್ಟೇ ಹಳೆಯದಾಗಿರಲಿ, ಅಸಲಿಯಲ್ಲ.

ಮೇಸ್ತ್ರಿ ಮೊದಲು ನೋಡುವುದು ಕೇಬಲ್ಲನ್ನು. ಒಂದೇ ಕೇಬಲ್ ನೇರವಾಗಿ ಮೀಟರಿಗೆ ಹೋಗಿದ್ದರೆ ಹೊಳೆಯುವ ಗುಂಡಿ ಬರೀ ಅಲಂಕಾರ. ಆಮೇಲೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ. ಕಾರ್ಖಾನೆಯಲ್ಲಿ ತೂತು ಮಾಡಿದ ನಂತರ ಬಣ್ಣ ಹಚ್ಚುತ್ತಾರೆ, ಹಾಗಾಗಿ ತೂತಿನ ಅಂಚಿಗೂ ಬಣ್ಣವಿರುತ್ತದೆ. ಆಮೇಲೆ ಡ್ರಿಲ್ ಹಾಕಿದ ತೂತಿನ ಅಂಚು ಒರಟು. ಬೆರಳಾಡಿಸಿದರೆ ಮುಳ್ಳು ಹತ್ತುತ್ತದೆ, ಸುತ್ತ ತುಕ್ಕಿನ ಉಂಗುರ ಇರುತ್ತದೆ. ಟೀಟರನಂತೆ ಇಲ್ಲಿಯೂ ಬೆರಳೇ ಗುರು. ತಂತಿಗಳೂ ಮಾತಾಡುತ್ತವೆ. ಕಾರ್ಖಾನೆಯ ತಂತಿ ಉಳಿದ ತಂತಿಗಳ ಕಟ್ಟಿನಲ್ಲೇ ಸೇರಿ ಬಂದು, ಅಚ್ಚು ಹಾಕಿದ ಕನೆಕ್ಟರಿನಲ್ಲಿ ಮುಗಿಯುತ್ತದೆ. ಎರಡು ತುದಿ ಹೊಸೆದು ಟೇಪು ಸುತ್ತಿದ್ದರೆ ಅದು ಯಾರೋ ಆಮೇಲೆ ಮಾಡಿದ ಕೆಲಸ.

ಇನ್ನು ಸ್ಪ್ಯಾನರ್ ಪರೀಕ್ಷೆ. ಕಾಲು ಇಂಚಿನ ಅಮೆರಿಕನ್ ಬೋಲ್ಟಿನ ತಲೆ ಸಾಮಾನ್ಯವಾಗಿ 7/16 ಇಂಚು, ಅಂದರೆ 11.1 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಸಿಗುವ 6 ಮಿ.ಮೀ. ಬೋಲ್ಟಿನ ತಲೆ 10 ಮಿ.ಮೀ. ಸರ್ವೊ ಹಿಡಿದಿರುವ ಬೋಲ್ಟಿಗೆ ಹತ್ತರ ಸ್ಪ್ಯಾನರ್ ಬಿಗಿಯಾಗಿ ಕೂತರೆ ಯಾರೋ ಬಿಚ್ಚಿ ಹಾಕಿದ್ದಾರೆಂದು ಅನುಮಾನಿಸಬಹುದು. ಆದರೆ ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕಂಪನಿಗಳೂ ಮೆಟ್ರಿಕ್ ಅಳತೆಗೆ ಹೊರಳತೊಡಗಿದ್ದವು. ಬೋಲ್ಟ್ ಒಂದರಿಂದಲೇ ತೀರ್ಪು ಕೊಡಬಾರದು.

ಸಂಖ್ಯೆಗಳ ಬಲೆ

“ಇಲ್ಲಿ ನಂಬರ್ ಇದೆಯಲ್ಲ, ಸಾಕಲ್ವಾ?” ಎನ್ನಬಹುದು ತಂದೆ. ಸಾಲದು. ಲೋಹ ಎರಕ ಹೊಯ್ಯುವಾಗ ಮೂಡಿದ ಸಂಖ್ಯೆಗೂ, ಅಂಗಡಿಯ ಕ್ಯಾಟಲಾಗಿನ ಬಿಡಿಭಾಗದ ಸಂಖ್ಯೆಗೂ ಹೊಂದಿಕೆ ಇರಬೇಕೆಂದಿಲ್ಲ. ಎರಡೂ ಬೇರೆ ಬೇರೆ ಲೆಕ್ಕ. ಭಾಗವನ್ನು ಸುಧಾರಿಸಿದಾಗ ಕಂಪನಿ ಹಳೆಯ ಸಂಖ್ಯೆ ತೆಗೆದು ಹೊಸದು ಕೊಡುತ್ತದೆ, ಹೆದ್ದಾರಿಗೆ ಕೊಟ್ಟ ಹಾಗೆ. ಮುಖ್ಯವಾದದ್ದು ತಯಾರಾದ ದಿನದ ಗುರುತು. ಭಾಗ ಗಾಡಿಗಿಂತ ಕೆಲವು ವಾರ, ತಿಂಗಳು ಮೊದಲೇ ಹುಟ್ಟಿರಬೇಕು. ಗಾಡಿಗಿಂತ ಎರಡು ವರ್ಷ ಕಿರಿಯ ಸರ್ವೊ, ಅದೇ ಕಂಪನಿಯದಾಗಿದ್ದರೂ, ಆಮೇಲೆ ಬದಲಿಸಿದ್ದು.

ಷೆವ್ರೊಲೆ ಪಿಕಪ್‌ಗಳಲ್ಲಿ ಗ್ಲೌ ಬಾಕ್ಸಿನೊಳಗೆ ಒಂದು ಚೀಟಿ ಅಂಟಿಸುತ್ತಿದ್ದರು. ಆ ಗಾಡಿಗೆ ಕಾರ್ಖಾನೆಯಲ್ಲಿ ಏನೇನು ಹೆಚ್ಚುವರಿ ಹಾಕಿದ್ದಾರೆ ಎಂಬ ಪಟ್ಟಿ ಅದು. ಕ್ರೂಸ್ ಕಂಟ್ರೋಲಿನ ಗುರುತು ‘ಕೆ30’. ಇಲ್ಲಿಯೂ ಒಂದು ಗುಂಡಿ ತೋಡಿದೆ: ಒಂದು ಟನ್ನಿನ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಷೆವ್ರೊಲೆ ಪಿಕಪ್ಪಿನ ಹೆಸರೂ ಕೆ30! ಗಾಡಿಯ ಹೆಸರನ್ನು ಕಂಡು ಕ್ರೂಸ್ ಕಂಟ್ರೋಲ್ ಇದೆಯೆಂದು ಹಿಗ್ಗಿದರೆ ಮೋಸ ಹೋದಂತೆ.

ಟೀಟರನ ಕಂಪನಿಯ ಹೆಸರು ‘ಪರ್ಫೆಕ್ಟ್ ಸರ್ಕಲ್’. 1963ರಲ್ಲಿ ಅದನ್ನು ಡಾನಾ ಕಂಪನಿ ಕೊಂಡಿತು. ಆ ಹೆಸರಿನಲ್ಲಿ, ಯಾವ ಗಾಡಿಗಾದರೂ ಆಮೇಲೆ ಹಾಕಿಸಿಕೊಳ್ಳಬಹುದಾದ ಕಿಟ್ಟುಗಳೂ ಬಂದವು. ಹಾಗಾಗಿ ಕಂಡುಹಿಡಿದವನ ಕಂಪನಿಯ ಹೆಸರೇ ಸರ್ವೊ ಮೇಲಿದ್ದರೂ ಅದು ಈ ಪಿಕಪ್ಪಿನೊಡನೆ ಹುಟ್ಟಿದ್ದೆಂದು ಹೇಳಲಾಗದು. ಕಾಲಕ್ಕೆ ಸರಿ, ಗಾಡಿಗೆ ಅಲ್ಲ.

ನಮ್ಮ ಲಾರಿ ಮೇಸ್ತ್ರಿಗಳಿಗೆ ಈ ವಿದ್ಯೆ ಹೊಸದೇನಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೈಕೋ ಕಂಪನಿಯ ಡೀಸೆಲ್ ಪಂಪುಗಳನ್ನು ಅವರು ಹೀಗೆಯೇ ಓದುತ್ತಾರೆ. ಪಂಪಿನ ಬೆನ್ನಿಗಂಟಿದ ಗವರ್ನರಿನೊಳಗೆ ವಾಟ್‌ನ ಗುಂಡುಗಳ ವಂಶದ ತೂಕಗಳು ತಿರುಗುತ್ತಿರುತ್ತವೆ. ಹೊರಗೆ ಚಿಕ್ಕ ಫಲಕ, ಅದರಲ್ಲಿ ಗವರ್ನರಿನ ಬಗೆ, ಅದು ಕೆಲಸ ಮಾಡುವ ಸುತ್ತುಗಳ ವ್ಯಾಪ್ತಿ. ಗರಿಷ್ಠ ವೇಗದ ತಿರುಪಿಗೆ ತಂತಿ ಹಾಕಿ ಸೀಲು ಒತ್ತಿರುತ್ತಾರೆ. ಸೀಲು ಒಡೆದಿದ್ದರೆ ಯಾರೋ ಕೈಯಾಡಿಸಿದ್ದಾರೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಎಂಬತ್ತರ ದಶಕದ ಲಾರಿಯಲ್ಲಿ ಬಾಷ್ ಇಂಡಿಯಾದ ಹೊಸ ಫಲಕ ಕಂಡರೆ ಪಂಪು ಬದಲಾಗಿದೆ ಎಂದು ಹೇಳಲು ದೊಡ್ಡ ಪಾಂಡಿತ್ಯ ಬೇಡ.

ಅಸಲಿಯಾದರೆ ಸಾಕೇ?

ಎಲ್ಲ ಸಾಕ್ಷಿಗಳೂ ಹೊಂದಿದವು ಎನ್ನೋಣ. ಕೇಬಲ್ ಎರಡು, ತೂತಿನ ಅಂಚಿಗೆ ಬಣ್ಣ, ಚೀಟಿಯಲ್ಲಿ ಕೆ30, ಸರ್ವೊ ಮೇಲಿನ ದಿನಾಂಕ ಸರಿ. ತಂದೆಗೆ ಸಂತೋಷ, “ಹಾಗಿದ್ರೆ ಹೆದ್ದಾರಿಗೆ ಇಳಿಸೋಣ” ಎನ್ನುತ್ತಾರೆ. ಮೇಸ್ತ್ರಿ ತಲೆಯಾಡಿಸುವುದು ಇಲ್ಲೇ.

“ಸಾರ್, ಒರಿಜಿನಲ್ ಅಂದ್ರೆ ರಬ್ಬರಿಗೂ ಐವತ್ತು ವರ್ಷ ಆಯ್ತು ಅಂತ.”

ರಬ್ಬರು ಗಾಳಿ, ಬಿಸಿಲು, ಎಣ್ಣೆಗೆ ಸಿಕ್ಕಿ ಗಡುಸಾಗಿ ಬಿರಿಯುತ್ತದೆ. ಸರ್ವೊದ ಪೊರೆ ಬಿರಿದರೆ ಕ್ರೂಸ್ ಕೆಲಸ ಮಾಡುವುದಿಲ್ಲ, ಅಷ್ಟೇ, ಅಪಾಯ ಕಡಿಮೆ. ಆದರೆ ಥ್ರಾಟಲಿಗೆ ಕಟ್ಟಿದ ಮಣಿಸರ ಸಿಕ್ಕಿಕೊಂಡರೆ? ಬ್ರೇಕಿನ ಬಳಿಯ ಸ್ವಿಚ್ಚಿನ ತುಟಿಗಳು ಅಂಟಿಕೊಂಡರೆ? ಬ್ರೇಕ್ ಒತ್ತಿದರೂ ಗಾಡಿ ಮುಂದಕ್ಕೆ ಎಳೆಯುತ್ತಿರುತ್ತದೆ. ಹಳೆಯ ಎಂಜಿನಿಯರುಗಳು ಕಾವಲನ್ನು ಎರಡು ಇಟ್ಟದ್ದು ಇದಕ್ಕೇ. ವಿದ್ಯುತ್ತಿನ ಸ್ವಿಚ್ಚು ಕೈಕೊಟ್ಟರೂ ನಿರ್ವಾತದ ವಾಲ್ವು ಸರ್ವೊದೊಳಕ್ಕೆ ಗಾಳಿ ನುಗ್ಗಿಸಿ ಥ್ರಾಟಲನ್ನು ಬಿಡಿಸುತ್ತದೆ. ಆಮೇಲೆ ಹಾಕಿಸಿದ ಅಗ್ಗದ ಜೋಡಣೆಗಳಲ್ಲಿ ಬಿಟ್ಟುಹೋಗುವ ಸಾಧ್ಯತೆ ಇರುವುದೂ ಈ ಎರಡನೆಯ ಕಾವಲೇ. ಗುಂಡಿಗಾಗಿ ಹಣ ಕೊಡುವವರು ಮೊದಲು ಪೆಡಲಿನ ಕೆಳಗೆ ತಲೆ ಹಾಕಿ ಈ ಎರಡನ್ನೂ ಎಣಿಸಬೇಕು.

ಪರೀಕ್ಷೆ ನಿಂತ ಗಾಡಿಯಲ್ಲೇ ಆಗಬೇಕು. ಎಂಜಿನ್ ಆರಿಸಿ, ಕೈಪಂಪಿನಿಂದ ಸರ್ವೊದ ಗಾಳಿ ಎಳೆದಾಗ ಪೊರೆ ಹಿಡಿದು ನಿಲ್ಲಬೇಕು. ಬ್ರೇಕ್ ಪೆಡಲನ್ನು ಸ್ವಲ್ಪ ಒತ್ತಿದರೂ ಥ್ರಾಟಲ್ ಪಟ್ಟನೆ ಮುಚ್ಚಬೇಕು. ಸುಮ್ಮನಿರುವಾಗ ಮಣಿಸರ ತುಸು ಸಡಿಲವಿರಬೇಕು, ಬಿಗಿದಿರಬಾರದು. ಹೊಸ ಹೋಸ್, ಹೊಸ ಪೊರೆ ಹಾಕಿಸಿದರೆ ಅಸಲಿತನಕ್ಕೆ ಕುಂದೇನೂ ಇಲ್ಲ. ಹಾಕಿಸಿದ್ದನ್ನು ಬರೆದಿಟ್ಟು, ತೆಗೆದ ಹಳೆಯದನ್ನು ಡಬ್ಬಿಯಲ್ಲಿ ಕಾಪಾಡಿದರೆ ಸರಿ. ಹೊಸದನ್ನು ಹಳೆಯದೆಂದು ಹೇಳುವುದು ಮಾತ್ರ ಸುಳ್ಳು.

ಕಾನೂನೂ ಇದರಲ್ಲಿ ಸೇರಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಬಾಡಿಗೆಗೆ, ದಿನದ ಓಡಾಟಕ್ಕೆ ಬಳಸುವಂತಿಲ್ಲ. ನಿಯಮ ಹೇಳುವುದು ದೊಡ್ಡ ಭಾಗಗಳ ಮಾತು, ಗುಂಡಿಯದಲ್ಲ. ಆದರೆ ಗುಂಡಿಯ ವಿಷಯದಲ್ಲಿ ಸುಳ್ಳು ಹೇಳಿದವರು ಎಂಜಿನ್ ವಿಷಯದಲ್ಲಿ ನಿಜ ಹೇಳಿದ್ದಾರೆಂದು ನಂಬುವುದು ಹೇಗೆ?

ವಿದ್ಯಾರ್ಥಿಗಳಿಗೆ ಇದರಲ್ಲಿ ಪ್ರಯೋಗಶಾಲೆಯ ಪಾಠವೇ ಇದೆ. ಒಂದು ಸಾಕ್ಷಿ ದಾರಿ ತಪ್ಪಿಸೀತು. ನಾಲ್ಕು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬಹುದು. ಹೊಂದದ ಸಾಕ್ಷಿ ಸಿಕ್ಕರೆ ಅದನ್ನು ಮುಚ್ಚಿಡದೆ ಬರೆದಿಡಬೇಕು.

ಹೋಗುವುದು ಹೇಗೆ?

2024ರ ನವೆಂಬರಿನಲ್ಲಿ ‘ನಮ್ಮ ಮೆಟ್ರೊ’ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದ ತನಕ ಬೆಳೆದಿದೆ. ಅಲ್ಲಿಂದ ನೆಲಮಂಗಲದ ಕಡೆಯ ಬಸ್ಸು ಹಿಡಿದರೆ ಮಾಕಳಿ ಹತ್ತಿರ. ಲಾರಿಗಳನ್ನು ನೋಡಲು ಮಕ್ಕಳು ಸರ್ವಿಸ್ ರಸ್ತೆಯ ಅಂಚಿನಲ್ಲೇ, ದೊಡ್ಡವರ ಜೊತೆ ನಿಲ್ಲಬೇಕು. ಎಂಜಿನ್ನುಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಅದಕ್ಕೆಂದೇ ಒಂದು ವಿಭಾಗವಿದೆ. ಹಳೆಯ ಕಾರುಗಳನ್ನು ನೋಡಲು ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದವರ ‘ಪಯಣ’ ಇದೆ. ಅಲ್ಲಿ ಹೊಳೆಯುವ ಬಣ್ಣಕ್ಕೆ ಮರುಳಾಗುವುದು ಸಹಜ. ಒಂದು ಕಾರಿನ ಮುಂದಾದರೂ ಬಗ್ಗಿ, ಗಾಜಿನಾಚೆ ಪೆಡಲುಗಳ ಕಡೆ ಕಣ್ಣು ಹಾಯಿಸಿ ನೋಡಿ. ಐವತ್ತು, ಅರವತ್ತು ವರ್ಷ ಯಾರ ಕಾಲೋ ತುಳಿದು ಸವೆಸಿದ ಗುರುತು ಅಲ್ಲಿರುತ್ತದೆ.